ರಿಚ್‌ಮಂಡ್ ಎಂಬ ರಾಯದುರ್ಗ

ರಿಚ್‌ಮಂಡ್ ಅಂದ ತಕ್ಷಣ ಬೆಂಗಳೂರಿನವರಿಗೆ ನೆನಪಾಗೋದು ರಿಚ್‌ಮಂಡ್ ಸರ್ಕಲ್ಲು, ಅಲ್ಲಿನ ಫ್ಲೈಓವರ್ರು, ಮತ್ತೆ ಅಲ್ಲಿ ಕಳೆದುಹೋದ ನಮ್ಮ ಆಯುಷ್ಯ :-) ಅದೇ ಹೆಸರನ್ನ ಅಮೆರಿಕದ ಬೇ ಏರಿಯಾದಲ್ಲಿರೋ ಕನ್ನಡಿಗರ ಮುಂದೆ ಹೇಳಿ ನೋಡಿ, ಅವರಿಗೆ ಬಾರ್ಟ್ ರೈಲಿನ ಮುಂದೆ ಬರೆದಿರೋ ಕೊನೇ ಸ್ಟೇಷನ್ನಿನ ಹೆಸರು ನೆನಪಾಗುತ್ತೆ. ಲಂಡನ್ನಿನಲ್ಲಿರೋರಿಗೂ ಅದು ಕೊನೇ ಸ್ಟೇಷನ್ನೇ, ಆದರೆ ಡಿಸ್ಟ್ರಿಕ್ಟ್ ಲೈನಿನದ್ದು. ಮೆಲ್ಬೋರ್ನಿನಲ್ಲಿ ಕ್ರಿಕೆಟ್ ನೋಡೋಕೆ ಹೋದವರಿಗೆ ಎಂಸಿಜಿ ಮೈದಾನದ ಹತ್ತಿರದ ರೈಲ್ವೆ ನಿಲ್ದಾಣ. ಒಂದೇ ಹೆಸರು, ನಾಲ್ಕು ಜನ, ನಾಲ್ಕು ಬೇರೆ ಬೇರೆ ಊರು.

ನನಗೆ ಈ ಹೆಸರಿನ ಹುಚ್ಚು ಹಿಡಿದಿದ್ದು ಆಫೀಸಿನ ಕೆಲಸದಿಂದ. ಒಂದು ಪ್ರಾಜೆಕ್ಟಿನಲ್ಲಿ ಅಮೆರಿಕದ ಗ್ರಾಹಕರ ಹಳೇ ವಿಳಾಸಗಳನ್ನ ಹೊಸ ಡೇಟಾಬೇಸಿಗೆ ಸಾಗಿಸಬೇಕಿತ್ತು. ಎಷ್ಟೋ ಕಡೆ ಊರಿನ ಹೆಸರು ಇತ್ತು, ರಾಜ್ಯದ ಕಾಲಂ ಖಾಲಿ. ಬರೀ ‘ರಿಚ್‌ಮಂಡ್’ ಅಂತಿದ್ದರೆ ಅದು ವರ್ಜೀನಿಯಾದ್ದೋ, ಕ್ಯಾಲಿಫೋರ್ನಿಯಾದ್ದೋ, ಇಂಡಿಯಾನಾ, ಕೆಂಟಕಿ, ಟೆಕ್ಸಾಸಿನದ್ದೋ? ಎಲ್ಲಾ ಕಡೆ ಒಂದೊಂದು ರಿಚ್‌ಮಂಡ್ ಇದೆ. ನಮ್ಮ ಭಾಷೇಲಿ ಹೇಳೋದಾದ್ರೆ ಊರಿನ ಹೆಸರು ಯಾವತ್ತೂ ಪ್ರೈಮರಿ ಕೀ ಆಗಲ್ಲ. ಕೆಲಸ ಪಿನ್‌ಕೋಡ್ ಹಿಡಿದು ಹೇಗೋ ಮುಗೀತು. ಆದರೆ ಒಂದು ಪ್ರಶ್ನೆ ತಲೇಲಿ ಉಳೀತು. ಇಷ್ಟೊಂದು ಊರಿಗೆ ಇದೇ ಹೆಸರು ಯಾಕೆ? ಅವತ್ತಿಂದ ಸಿಕ್ಕಿದ್ದೆಲ್ಲಾ ಓದ್ತಾ ಬಂದೆ. ಓದಿದ್ದನ್ನ ಒಂದು ಕಡೆ ಬರೆದಿಡೋಣ ಅಂತ ಈ ಬರಹ.

ಮೊದಲು ಅರ್ಥ. ‘ರಿಚ್’ ಅಂದರೆ ಶ್ರೀಮಂತ ಅಂತ ನಮಗೆಲ್ಲಾ ಗೊತ್ತು. ಆದರೆ ಹಳೇ ಫ್ರೆಂಚಿನಲ್ಲಿ ಆ ಶಬ್ದಕ್ಕೆ ಬಲಶಾಲಿ, ಅಧಿಕಾರ ಇರೋನು ಅನ್ನೋ ಅರ್ಥ ಇತ್ತು. ಅಧಿಕಾರ ಇದ್ದವನ ಹತ್ರ ದುಡ್ಡೂ ಇರುತ್ತಲ್ಲ, ಹಾಗಾಗಿ ನಿಧಾನಕ್ಕೆ ಅರ್ಥ ಆ ಕಡೆ ಜಾರಿತು. ‘ಮೋಂ’ ಅಂದರೆ ಗುಡ್ಡ. ಎರಡೂ ಸೇರಿ ‘ರಿಶ್‌ಮೋಂ’, ಅಂದರೆ ಬಲವಾದ ಗುಡ್ಡ, ಗಟ್ಟಿ ಗುಡ್ಡ. ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ ಮಜಾ ಇದೆ. ಈ ‘ರಿಚ್’ ಶಬ್ದದ ಬೇರು, ಲ್ಯಾಟಿನ್ನಿನ ‘ರೆಕ್ಸ್’ ಶಬ್ದದ ಬೇರು, ಸಂಸ್ಕೃತದ ‘ರಾಜನ್’ ಶಬ್ದದ ಬೇರು ಮೂರೂ ಒಂದೇ ಅಂತ ಭಾಷಾವಿಜ್ಞಾನಿಗಳು ಹೇಳ್ತಾರೆ. ಅಂದರೆ ರಿಚ್‌ಮಂಡನ್ನ ಕನ್ನಡಕ್ಕೆ ತಂದರೆ ಹೆಚ್ಚುಕಮ್ಮಿ ‘ರಾಯದುರ್ಗ’! ಬಳ್ಳಾರಿ ಪಕ್ಕದ, ಈಗ ಆಂಧ್ರದಲ್ಲಿರೋ ರಾಯದುರ್ಗ ನಿಮಗೆ ಗೊತ್ತಿರುತ್ತೆ. ಹೈದರಾಬಾದಿನಲ್ಲಿ ಕೆಲಸ ಮಾಡಿದವರಿಗೆ ಮೆಟ್ರೋ ಹೋಗಿ ನಿಲ್ಲೋ ಇನ್ನೊಂದು ರಾಯದುರ್ಗವೂ ಗೊತ್ತಿರುತ್ತೆ. ನೋಡಿ, ಇದೂ ಎರಡೆರಡು.

ಸರಿ, ಈ ರಾಯದುರ್ಗ ಇಂಗ್ಲೆಂಡಿಗೆ ಬಂದಿದ್ದು ಹೇಗೆ? 1066ರಲ್ಲಿ ನಾರ್ಮಂಡಿಯ ವಿಲಿಯಂ ಸಮುದ್ರ ದಾಟಿ ಬಂದು ಇಂಗ್ಲೆಂಡನ್ನ ಗೆದ್ದ ಕಥೆ ಓದಿರ್ತೀರ. ಉತ್ತರ ಇಂಗ್ಲೆಂಡಿನವರು ಸುಲಭಕ್ಕೆ ಬಗ್ಗಲಿಲ್ಲ. 1069-70ರ ಚಳಿಗಾಲದಲ್ಲಿ ವಿಲಿಯಂನ ಸೈನ್ಯ ಯಾರ್ಕ್‌ಶೈರಿನ ಹಳ್ಳಿಗಳನ್ನ ಸುಟ್ಟಿತು, ದವಸಧಾನ್ಯ ನಾಶ ಮಾಡಿತು, ದನಕರು ಕೊಂದಿತು. ಹಸಿವಿನಿಂದ ಸತ್ತವರು ಲೆಕ್ಕವಿಲ್ಲ. ಅದಾದ ಮೇಲೆ ವಿಲಿಯಂ ಅಲ್ಲಿನ ಜಮೀನನ್ನ ತನ್ನ ಬಂಧು, ಬ್ರಿಟನಿಯ ಅಲನ್ ರೂಫಸ್‌ಗೆ ಕೊಟ್ಟ. ರೂಫಸ್ ಅಂದರೆ ಕೆಂಪು ಕೂದಲಿನವನು. ಸ್ವೇಲ್ ಅನ್ನೋ ನದಿಯ ಪಕ್ಕದ ಬಂಡೆಯ ಮೇಲೆ ಅವನು 1071ರ ಹೊತ್ತಿಗೆ ಕೋಟೆ ಕಟ್ಟೋಕೆ ಶುರುಮಾಡಿದ. ಅದಕ್ಕಿಟ್ಟ ಹೆಸರು ತನ್ನ ಕಡೆಯದ್ದು, ರಿಶ್‌ಮೋಂ. ನಾರ್ಮಂಡಿಯಲ್ಲಿ ಆ ಹೆಸರಿನ ಊರು ಆಗಲೇ ಇತ್ತು. ಇಲ್ಲಿ ಹೆಸರು ಜಾಗಕ್ಕೆ ಸರಿಯಾಗಿ ಒಪ್ಪುತ್ತೆ, ಯಾಕಂದ್ರೆ ನಿಜವಾಗ್ಲೂ ಬಂಡೆ ಇದೆ, ಕೋಟೆ ಇದೆ.

ಅದಕ್ಕೆ ಮುಂಚೆ ಆ ಜಾಗಕ್ಕೆ ಏನಂತಿದ್ದರು? ವಿಲಿಯಂ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ‘ಹಿಂಡ್ರೆಲಾಕ್’ ಅಂತ ಒಂದು ಹಳ್ಳಿ ಇದೆ. ಈಗಿನ ರಿಚ್‌ಮಂಡ್ ಇರೋದು ಅದೇ ಜಾಗದಲ್ಲಿ ಅಂತ ಇತಿಹಾಸಕಾರರು ಗುರುತಿಸ್ತಾರೆ. ಆ ಹೆಸರನ್ನ ಇವತ್ತು ಯಾರೂ ಬಳಸಲ್ಲ. ಮುಂದೆ ಇಂಗ್ಲಿಷರು ಲೋಕದ ತುಂಬಾ ಹೋಗಿ ಬೇರೆಯವರ ಊರುಗಳಿಗೆ ರಿಚ್‌ಮಂಡ್ ಅಂತ ಹೆಸರಿಟ್ಟರಲ್ಲ, ಆ ಹೆಸರೇ ಇಂಗ್ಲಿಷರ ಮೇಲೆ ಗೆದ್ದವರು ಹೇರಿದ್ದು. ಈ ಒಂದು ಅಂಶ ನನ್ನನ್ನ ತುಂಬಾ ಕಾಡಿತು.

ಎರಡನೇ ರಿಚ್‌ಮಂಡ್ ಲಂಡನ್ನಿನ ಹತ್ತಿರದ್ದು. ಇದರ ಹುಟ್ಟಿಗೂ ಗುಡ್ಡಕ್ಕೂ ಸಂಬಂಧ ಇಲ್ಲ. ಥೇಮ್ಸ್ ನದಿ ದಂಡೆಯ ಆ ಊರಿನ ಹೆಸರು ‘ಶೀನ್’. ಅಲ್ಲಿ ರಾಜರ ಅರಮನೆ ಇತ್ತು. ಮೂರನೇ ಎಡ್ವರ್ಡ್ 1377ರಲ್ಲಿ ಸತ್ತಿದ್ದು ಅಲ್ಲೇ. 1497ರ ಡಿಸೆಂಬರಿನಲ್ಲಿ, ಏಳನೇ ಹೆನ್ರಿ ಕ್ರಿಸ್‌ಮಸ್‌ಗೆ ಅಂತ ಅಲ್ಲಿದ್ದಾಗ, ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಹೊಸದಾಗಿ ಕಟ್ಟಿಸಿ 1501ರ ಸುಮಾರಿಗೆ ರಿಚ್‌ಮಂಡ್ ಅಂತ ಹೆಸರಿಟ್ಟ. ಯಾಕೆ? ಸಿಂಹಾಸನ ಹತ್ತೋ ಮುಂಚೆ ಅವನಿಗಿದ್ದ ಬಿರುದು ‘ಅರ್ಲ್ ಆಫ್ ರಿಚ್‌ಮಂಡ್’. ಅವನ ಅಪ್ಪನಿಗೂ ಅದೇ ಬಿರುದು ಇತ್ತು. ಅದು ಉತ್ತರದ ಆ ಕೋಟೆಯ ಬಿರುದು. ಅಂದರೆ ಸುಮಾರು ಮುನ್ನೂರೈವತ್ತು ಕಿಲೋಮೀಟರ್ ದಕ್ಷಿಣಕ್ಕೆ ಹೆಸರು ಬಂದಿದ್ದು ಒಬ್ಬ ಮನುಷ್ಯನ ಬಿರುದಿನ ಹೆಗಲೇರಿ. ಯುದ್ಧದಲ್ಲಿ ಗೆದ್ದು ರಾಜನಾದವನು, ಅವನ ಹಕ್ಕನ್ನ ಒಪ್ಪದವರು ಇನ್ನೂ ಇದ್ದರು. ಹಾಗಾಗಿ ತನ್ನ ಮನೆತನದ ಹೆಸರನ್ನ ಅರಮನೆಯ ಮೇಲೆ ಬರೆಸೋದು ಅವನಿಗೆ ಬೇಕಿತ್ತು. ಮುಂದೆ ಮೊದಲನೇ ಎಲಿಜಬೆತ್ 1603ರಲ್ಲಿ ಪ್ರಾಣ ಬಿಟ್ಟಿದ್ದೂ ಈ ಅರಮನೆಯಲ್ಲೇ. ಶೀನ್ ಪಕ್ಕಕ್ಕೆ ಸರಿಯಿತು. ಈಗ ‘ಈಸ್ಟ್ ಶೀನ್’ ಅಂತ ಪಕ್ಕದ ಬಡಾವಣೆಯ ಹೆಸರಲ್ಲಿ ಉಸಿರಾಡ್ತಿದೆ.

ಒಂದೇ ದೇಶದಲ್ಲಿ ಎರಡು ರಿಚ್‌ಮಂಡ್ ಆದ ಮೇಲೆ ಗೊಂದಲ ಶುರು. ‘ದಿ ಲ್ಯಾಸ್ ಆಫ್ ರಿಚ್‌ಮಂಡ್ ಹಿಲ್’ ಅಂತ 1789ರ ಸುಮಾರಿನ ಒಂದು ಹಾಡಿದೆ. ಲಂಡನ್ನಿನ ರಿಚ್‌ಮಂಡಿನಲ್ಲೂ ಪ್ರಸಿದ್ಧವಾದ ಒಂದು ದಿಬ್ಬ ಇರೋದರಿಂದ ಹಾಡಿನ ಹುಡುಗಿ ಅಲ್ಲಿಯವಳು ಅಂತ ತುಂಬಾ ಜನ ನಂಬಿದ್ದರು. ಬರೆದವನು ಲೆನರ್ಡ್ ಮ್ಯಾಕ್‌ನ್ಯಾಲಿ ಅನ್ನೋ ಐರಿಷ್ ವಕೀಲ. ಅವನು ಬರೆದಿದ್ದು ಯಾರ್ಕ್‌ಶೈರಿನ ಫ್ರಾನ್ಸಸ್ ಅಯಾನ್ಸನ್ ಅನ್ನೋ ಹುಡುಗಿಗಾಗಿ, ಅವಳನ್ನೇ ಮದುವೆಯೂ ಆದ. (ಅಂದ ಹಾಗೆ ಈ ಮಹಾಶಯ ಐರಿಷ್ ಕ್ರಾಂತಿಕಾರಿಗಳ ಪರ ಕೋರ್ಟಿನಲ್ಲಿ ವಾದ ಮಾಡ್ತಾನೇ ಬ್ರಿಟಿಷ್ ಸರ್ಕಾರಕ್ಕೆ ಗುಟ್ಟಾಗಿ ಸುದ್ದಿ ಮುಟ್ಟಿಸ್ತಿದ್ದ ಅಂತ ಅವನು ಸತ್ತ ಮೇಲೆ ಬಯಲಾಯ್ತು.)

ಪಾರ್ಲಿಮೆಂಟಿನಲ್ಲೂ ಇದೇ ಫಜೀತಿ. ಅದಕ್ಕೇ ಕ್ಷೇತ್ರದ ಹೆಸರನ್ನ ‘ರಿಚ್‌ಮಂಡ್ (ಯಾರ್ಕ್ಸ್)’ ಅಂತ ಬ್ರಾಕೆಟ್ ಹಾಕಿ ಬರೀತಿದ್ದರು. ಈ ಬ್ರಾಕೆಟ್ಟಿನ ರಿಚ್‌ಮಂಡಿಗೂ ನಮಗೂ ಒಂದು ನಂಟಿದೆ. 2015ರಿಂದ ಅಲ್ಲಿನ ಸಂಸದ ರಿಷಿ ಸುನಕ್, ನಾರಾಯಣಮೂರ್ತಿ ಮತ್ತು ಸುಧಾಮೂರ್ತಿಯವರ ಅಳಿಯ. 2022ರ ಅಕ್ಟೋಬರಿನಲ್ಲಿ ಅವರು ಪ್ರಧಾನಿ ಆದಾಗ ಕರ್ನಾಟಕದ ಅಳಿಯ ಅಂತ ನಮ್ಮ ಕಡೆ ಸಂಭ್ರಮವೋ ಸಂಭ್ರಮ. 2024ರ ಚುನಾವಣೆಯ ಹೊತ್ತಿಗೆ ಆ ಕ್ಷೇತ್ರ ‘ರಿಚ್‌ಮಂಡ್ ಅಂಡ್ ನಾರ್ಥಲರ್ಟನ್’ ಆಯ್ತು. ಬ್ರಾಕೆಟ್ ಹೋಯ್ತು.

ಇನ್ನು ಮೂರನೇ ಪ್ರಯಾಣ, ಅಟ್ಲಾಂಟಿಕ್ ದಾಟಿ ವರ್ಜೀನಿಯಾಕ್ಕೆ. ವಿಲಿಯಂ ಬರ್ಡ್ ಅನ್ನೋ ದೊಡ್ಡ ಜಮೀನುದಾರ, ಇಂಗ್ಲೆಂಡಿನಲ್ಲಿ ಓದಿ ಬಂದವನು. ಜೇಮ್ಸ್ ನದಿ ತಿರುವು ತೆಗೆದುಕೊಳ್ಳೋ ಜಾಗವನ್ನ ಗುಡ್ಡದ ಮೇಲಿಂದ ನೋಡಿದಾಗ ಅವನಿಗೆ ಲಂಡನ್ನಿನ ರಿಚ್‌ಮಂಡಿನಿಂದ ಕಾಣೋ ಥೇಮ್ಸ್ ತಿರುವು ನೆನಪಾಯ್ತಂತೆ. ಹಾಗಾಗಿ 1737ರಲ್ಲಿ ಬೀದಿಗಳ ನಕ್ಷೆ ಹಾಕಿಸಿದ ಹೊಸ ಊರಿಗೆ ರಿಚ್‌ಮಂಡ್ ಅಂತ ಹೆಸರು. ಈಗಲೂ ಲಿಬ್ಬಿ ಹಿಲ್ ಅನ್ನೋ ಪಾರ್ಕಿಗೆ ಹೋದರೆ ಆ ನೋಟ ಕಾಣುತ್ತೆ. ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ, ನಿಜಕ್ಕೂ ಹೋಲಿಕೆ ಇದೆ. ಮೊದಲು ಗುಡ್ಡ, ಆಮೇಲೆ ಬಿರುದು, ಈಗ ನೋಟ. ಹೆಸರು ಅದೇ, ಪ್ರತಿ ಸಲ ಹೊತ್ತು ತಂದ ಸಾಮಾನು ಬೇರೆ.

ಆ ನೆಲ ಪವ್ಹಾಟನ್ ಅನ್ನೋ ಮೂಲನಿವಾಸಿ ಜನರದ್ದು. ಅವರ ಭಾಷೆಯಿಂದ ಉಳಿದದ್ದು ‘ಶಾಕೋ’ ಅನ್ನೋ ಒಂದು ಶಬ್ದ. ಹಳ್ಳದ ಬಾಯಲ್ಲಿದ್ದ ಚಪ್ಪಟೆ ಕಲ್ಲುಗಳಿಗೆ ಅವರು ಕರೀತಿದ್ದ ಹೆಸರು ಅದು. ಆ ಶಾಕೋ ಬಾಟಮ್ ಅನ್ನೋ ತಗ್ಗು ಪ್ರದೇಶ ಮುಂದೆ ಏನಾಯ್ತು ಗೊತ್ತಾ? ಗುಲಾಮರನ್ನ ಕೊಳ್ಳುವ ಮಾರುವ ಸಂತೆ. ಅಮೆರಿಕದ ಅತಿ ದೊಡ್ಡ ಗುಲಾಮ ಮಾರುಕಟ್ಟೆಗಳಲ್ಲಿ ಅದೂ ಒಂದು. ಹೆನ್ರಿ ಬ್ರೌನ್ ಅನ್ನೋ ಗುಲಾಮನ ಹೆಂಡತಿ ಮಕ್ಕಳನ್ನ 1848ರಲ್ಲಿ ಇದೇ ಊರಿನಿಂದ ಮಾರಿಬಿಟ್ಟರು. ಮರುವರ್ಷ ಮಾರ್ಚಿನಲ್ಲಿ ಆತ ಮೂರು ಅಡಿ ಉದ್ದದ ಮರದ ಪೆಟ್ಟಿಗೆಯೊಳಗೆ ಕೂತು, ಸರಕು ಅಂತ ಹೇಳಿಸಿ, ತನ್ನನ್ನ ತಾನೇ ಫಿಲಡೆಲ್ಫಿಯಾಕ್ಕೆ ಪಾರ್ಸಲ್ ಮಾಡಿಸಿಕೊಂಡ. 27 ಗಂಟೆ ಪ್ರಯಾಣ, ಅದರಲ್ಲಿ ಸ್ವಲ್ಪ ಹೊತ್ತು ತಲೆಕೆಳಗಾಗಿ. ಬದುಕಿ ಹೊರಗೆ ಬಂದ. ಅವತ್ತಿಂದ ಅವನ ಹೆಸರು ‘ಹೆನ್ರಿ ಬಾಕ್ಸ್ ಬ್ರೌನ್’. ಊರಿಗೆ ಹೆಸರಿಟ್ಟವನದು ಒಂದು ಕಥೆ, ಆ ಊರಿನಿಂದ ತಪ್ಪಿಸಿಕೊಂಡು ಹೊಸ ಹೆಸರು ಪಡೆದವನದು ಇನ್ನೊಂದು ಕಥೆ.

1861ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳೋಕೆ ಬೇರೆಯಾದ ದಕ್ಷಿಣದ ರಾಜ್ಯಗಳಿಗೆ ರಿಚ್‌ಮಂಡ್ ರಾಜಧಾನಿ ಆಯ್ತು. 1865ರ ಏಪ್ರಿಲ್ ಮೊದಲ ವಾರ ಸೋತು ಓಡಿಹೋಗುವಾಗ ಅವರೇ ಉಗ್ರಾಣಗಳಿಗೆ ಹಚ್ಚಿದ ಬೆಂಕಿಯಿಂದ ಊರಿನ ಒಂದು ಭಾಗ ಬೂದಿಯಾಯ್ತು. ಏಪ್ರಿಲ್ 4ರಂದು ಲಿಂಕನ್ ತನ್ನ ಚಿಕ್ಕ ಮಗನ ಕೈ ಹಿಡಿದು ಆ ಬೀದಿಗಳಲ್ಲಿ ನಡೆದ. ಬಿಡುಗಡೆಯಾದ ಕರಿಯರು ಅವನ ಸುತ್ತ ನೆರೆದರು. ಹತ್ತು ದಿನ ಕಳೆದ ಮೇಲೆ ಅವನಿಗೆ ಗುಂಡು ಬಿತ್ತು.

ಇದೇ ಊರಿನಲ್ಲಿ 1943ರಲ್ಲಿ ಹುಟ್ಟಿದವನು ಟೆನಿಸ್ ಆಟಗಾರ ಆರ್ಥರ್ ಆಶ್. ಊರಿನ ಒಳ್ಳೇ ಟೆನಿಸ್ ಕೋರ್ಟುಗಳಿದ್ದದ್ದು ‘ಬರ್ಡ್ ಪಾರ್ಕ್’ನಲ್ಲಿ, ಹೌದು, ಊರಿಗೆ ಹೆಸರಿಟ್ಟ ಅದೇ ವಿಲಿಯಂ ಬರ್ಡ್ ಹೆಸರಿನ ಪಾರ್ಕು. ಅಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ, ಕರಿಯ ಹುಡುಗ ಆಶ್ ಒಳಗೆ ಹೋಗುವಂತಿರಲಿಲ್ಲ. ಆ ಹುಡುಗ 1975ರಲ್ಲಿ ವಿಂಬಲ್ಡನ್ ಗೆದ್ದ. ವಿಂಬಲ್ಡನ್ ಇರೋದು ಎಲ್ಲಿ? ಲಂಡನ್ನಿನ ರಿಚ್‌ಮಂಡ್ ಪಾರ್ಕಿನ ಆಚೆ ಬದಿ. 2019ರಲ್ಲಿ ವರ್ಜೀನಿಯಾದ ರಿಚ್‌ಮಂಡಿನ ಒಂದು ಮುಖ್ಯ ರಸ್ತೆಗೆ ‘ಆರ್ಥರ್ ಆಶ್ ಬುಲೆವಾರ್ಡ್’ ಅಂತ ಹೆಸರಾಯ್ತು. ಗುಲಾಮಗಿರಿಯ ಪಕ್ಷದ ಸೇನಾಪತಿ ರಾಬರ್ಟ್ ಲೀ ಪ್ರತಿಮೆ 1890ರಿಂದ ಅಲ್ಲಿ ನಿಂತಿತ್ತು, 2021ರ ಸೆಪ್ಟೆಂಬರಿನಲ್ಲಿ ಅದನ್ನ ಇಳಿಸಿದರು. ಊರಿನ ಹೆಸರು ಮಾತ್ರ ಹಾಗೇ ಇದೆ.

ಈಗ ಆಸ್ಟ್ರೇಲಿಯಾ. ಅಲ್ಲಿ ಒಂದು ಊರಿಗೆ ಈ ಹೆಸರಿಟ್ಟವನು ನಮ್ಮ ಶ್ರೀರಂಗಪಟ್ಟಣ ನೋಡಿದವನು! ಲಾಕ್ಲನ್ ಮ್ಯಾಕ್ವಾರಿ 1792ರಲ್ಲೂ 1799ರಲ್ಲೂ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷ್ ಸೇನೆಯ ಅಧಿಕಾರಿ. ಮುಂದೆ ನ್ಯೂ ಸೌತ್ ವೇಲ್ಸಿನ ಗವರ್ನರ್ ಆದ. ಅಲ್ಲಿನ ಹಾಕ್ಸ್‌ಬರಿ ನದಿಯ ಪಕ್ಕ ಬೇಸಾಯ ಮಾಡ್ತಿದ್ದವರ ಬೆಳೆ, ಮನೆ ಎರಡೂ ಪದೇ ಪದೇ ಪ್ರವಾಹಕ್ಕೆ ಕೊಚ್ಚಿಹೋಗ್ತಿತ್ತು. ಎತ್ತರದ ಜಾಗ ಹುಡುಕಿ 1810ರಲ್ಲಿ ಐದು ಊರು ಗುರುತು ಮಾಡಿದ, ಅದರಲ್ಲೊಂದು ರಿಚ್‌ಮಂಡ್. ನೀರು ಬಂದರೆ ಹತ್ತಿ ಕೂರೋಕೆ ಒಂದು ದಿಬ್ಬ. ಅಷ್ಟು ದೂರ ಬಂದು ಹೆಸರಿಗೆ ತನ್ನ ಹಳೇ ಅರ್ಥ ವಾಪಸ್ ಸಿಕ್ಕಿತ್ತು! 2021 ಮತ್ತು 2022ರ ಪ್ರವಾಹದಲ್ಲಿ ಪಕ್ಕದ ನಾರ್ತ್ ರಿಚ್‌ಮಂಡ್ ಸೇತುವೆ ಮುಳುಗಿದಾಗ ಗವರ್ನರನ ಲೆಕ್ಕಾಚಾರ ಸುಳ್ಳಲ್ಲ ಅಂತ ಗೊತ್ತಾಯ್ತು. ಆದರೆ ಆ ನದಿಗೆ ದರುಗ್ ಜನ ‘ದ್ಯಾರಬ್ಬಿನ್’ ಅಂತ ಕರೀತಿದ್ದರು. ಬಿಳಿಯರ ಹೊಲಗಳು ಬಂದಿದ್ದು ಅವರು ಗೆಡ್ಡೆ ಬೆಳೆಯುತ್ತಿದ್ದ ದಂಡೆಗಳ ಮೇಲೆಯೇ.

ಇದಕ್ಕೆ ತದ್ವಿರುದ್ಧ ಕೆನಡಾದ ವ್ಯಾಂಕೂವರ್ ಪಕ್ಕದ ರಿಚ್‌ಮಂಡ್. ಅದು ನದಿ ಸಮುದ್ರ ಸೇರೋ ಕಡೆಯ ದ್ವೀಪ. ಸಮುದ್ರಮಟ್ಟಕ್ಕಿಂತ ಸರಾಸರಿ ಒಂದು ಮೀಟರ್ ಎತ್ತರ ಅಷ್ಟೇ, ಸುತ್ತ ಒಡ್ಡು ಕಟ್ಟಿ ನೀರನ್ನ ಹೊರಗಿಟ್ಟಿದ್ದಾರೆ. ಹೆಸರು ಮಾತ್ರ ಗಟ್ಟಿ ಗುಡ್ಡ! ಕ್ಯಾಲಿಫೋರ್ನಿಯಾದ ರಿಚ್‌ಮಂಡ್ ಎರಡನೇ ಮಹಾಯುದ್ಧದಲ್ಲಿ ಹಡಗು ಕಟ್ಟೋ ಊರಾಯ್ತು. ಅಲ್ಲಿ ಕಟ್ಟಿದ್ದು 747 ಹಡಗು. ಅದರಲ್ಲೊಂದನ್ನ 1942ರ ನವೆಂಬರಿನಲ್ಲಿ ಐದು ದಿನವೂ ತುಂಬದಷ್ಟರಲ್ಲಿ ನೀರಿಗಿಳಿಸಿದರು. ಕೆನಡಾದಲ್ಲೇ ಒಂಟಾರಿಯೋದಲ್ಲಿ ಇನ್ನೊಂದು ರಿಚ್‌ಮಂಡ್ ಇದೆ. ಅದು ನಾಲ್ಕನೇ ಡ್ಯೂಕ್ ಆಫ್ ರಿಚ್‌ಮಂಡ್ ಗವರ್ನರ್ ಆಗಿದ್ದ ಕಾಲದ ಹೆಸರು. ಪಾಪ, ಸಾಕಿದ ನರಿ ಕಚ್ಚಿ, ರೇಬಿಸ್ ಬಂದು, 1819ರಲ್ಲಿ ಆ ಊರಿನ ಹತ್ತಿರವೇ ಸತ್ತ.

ನಮ್ಮಲ್ಲೂ ಒಂದೇ ಹೆಸರಿನ ಊರು ಬೇಕಾದಷ್ಟಿವೆ. ಹೊಸಹಳ್ಳಿ, ರಾಮಪುರ ಇಲ್ಲದ ತಾಲ್ಲೂಕು ಹುಡುಕೋದು ಕಷ್ಟ. ಹಾಗಾಗಿ ನಾವು ಹೋಬಳಿ, ತಾಲ್ಲೂಕು ಸೇರಿಸಿ ಹೇಳ್ತೀವಿ. ಕಲ್ಯಾಣ ಅಂದರೆ ಮುಂಬೈ ಪಕ್ಕದ್ದು ಅಂದುಕೊಂಡಾರು ಅಂತ ಬಸವಕಲ್ಯಾಣ ಅಂತೀವಿ. ದೂರದ ಊರಿನ ಹೆಸರನ್ನ ನಾವೂ ತಂದುಕೊಂಡಿದ್ದೀವಿ, ನಂಜನಗೂಡನ್ನ ದಕ್ಷಿಣಕಾಶಿ ಅಂತ ಕರೀತೀವಿ. ಆದರೆ ಗಮನಿಸಿ, ಕಾಶಿ ಬಂದರೂ ನಂಜನಗೂಡು ಹೋಗಲಿಲ್ಲ. ಗೆದ್ದವರು ಹೆಸರಿಟ್ಟಾಗ ಹಾಗಾಗಲ್ಲ. ಅದು ಇಂಗ್ಲಿಷರದ್ದೇ ಗುತ್ತಿಗೆ ಅಂತಲೂ ಅಲ್ಲ. ಕೆಳದಿ ಅರಸರ ಬಿದನೂರನ್ನ 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂದ. ಈಗ ಹೊಸನಗರ ತಾಲ್ಲೂಕಿನಲ್ಲಿ ಅದು ಬರೀ ‘ನಗರ’. ಬಿದನೂರೂ ಹೋಯ್ತು, ಹೈದರನೂ ಹೋದ.

ಬೆಂಗಳೂರಿಗೆ ಬರೋಣ. 1809ರಲ್ಲಿ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ದಂಡು ಹುಟ್ಟಿತು. ದಂಡಿನ ಜೊತೆ ಬಂದ ಇಂಗ್ಲಿಷ್ ಹೆಸರುಗಳ ಸಾಲಿನಲ್ಲಿ ನಮ್ಮ ರಿಚ್‌ಮಂಡೂ ಒಂದು. ರಿಚ್‌ಮಂಡ್ ರಸ್ತೆಗೆ ಸರ್ಕಾರಿ ಹೆಸರು ಜನರಲ್ ತಿಮ್ಮಯ್ಯ ರಸ್ತೆ. ಕೊಡಗಿನ ತಿಮ್ಮಯ್ಯನವರು 1957ರಿಂದ 1961ರವರೆಗೆ ನಮ್ಮ ಸೇನೆಯ ಮುಖ್ಯಸ್ಥರು, 1965ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸ್ತಿದ್ದಾಗಲೇ ತೀರಿಕೊಂಡವರು. ಆಟೋದವರಿಗೆ ತಿಮ್ಮಯ್ಯ ರಸ್ತೆ ಅಂತ ಹೇಳಿ ನೋಡಿ, ‘ಅದೆಲ್ಲಿ ಬರುತ್ತೆ ಸಾರ್?’ ಅಂತಾರೆ. ಫ್ರೇಜರ್ ಟೌನ್ ಪುಲಕೇಶಿನಗರ ಆಗಿ ಎಷ್ಟು ವರ್ಷ ಆಯ್ತು, ನಾವೆಷ್ಟು ಜನ ಹಾಗೆ ಕರೀತೀವಿ? ಬೋರ್ಡು ಬದಲಿಸೋದು ಒಂದು ದಿನದ ಕೆಲಸ, ನಾಲಿಗೆ ಬದಲಾಗೋಕೆ ತಲೆಮಾರು ಬೇಕು.

ಇಷ್ಟೆಲ್ಲಾ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ರಿಚ್‌ಮಂಡ್ ಅನ್ನೋ ಹೆಸರಿನಲ್ಲಿ ‘ಗುಡ್ಡ’ ಎಷ್ಟೋ ಕಡೆ ಸುಳ್ಳಾಗಿದೆ, ‘ಶ್ರೀಮಂತ’ ಅನ್ನೋದು ಮೊದಲಿಂದಲೂ ಇರಲೇ ಇಲ್ಲ. ಎಲ್ಲಾ ಕಡೆ ನಿಜವಾಗಿ ಉಳಿದದ್ದು ‘ಬಲ’ ಅನ್ನೋ ಹಳೇ ಅರ್ಥ ಮಾತ್ರ. ಆ ಹೆಸರು ಎಲ್ಲಿದೆಯೋ ಅಲ್ಲಿ ಹೆಸರಿಡುವ ಬಲ ಯಾರ ಕೈಲಿತ್ತು ಅಂತ ಅದು ಹೇಳುತ್ತೆ.

ಇವತ್ತು ಆ ಬಲ ಯಾರ ಕೈಲಿದೆ? ನಮ್ಮ ಊರಲ್ಲಿ ಅದು ಬಿಲ್ಡರುಗಳ ಕೈಲಿದೆ. ನಾನಿರೋ ಅಪಾರ್ಟ್‌ಮೆಂಟಿನ ಹೆಸರಲ್ಲೂ ಒಂದು ಇಂಗ್ಲಿಷ್ ಬೆಟ್ಟ ಇದೆ, ಸುತ್ತಮುತ್ತ ಎಲ್ಲೂ ಬೆಟ್ಟ ಇಲ್ಲ, ಅದು ಕೆರೆಯ ಕೆಳಗಿನ ಗದ್ದೆ ಬಯಲು. ಊಟ ತರೋ ಹುಡುಗನಿಗೆ, ಕ್ಯಾಬಿನವನಿಗೆ, ನಮ್ಮ ಬ್ಲಾಕಿನ ಮಕ್ಕಳಿಗೆ ಆ ಬೆಟ್ಟವೇ ವಿಳಾಸ. ಹಳ್ಳಿಯ ಹೆಸರು ಉಳಿದಿರೋದು ಕ್ರಯಪತ್ರದಲ್ಲಿ, ಸರ್ವೆ ನಂಬರ್ ಪಕ್ಕದಲ್ಲಿ. ಅದರ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಅಂತ ಬರೆದಿದೆ. ಆ ಹಳ್ಳಕ್ಕೂ ಒಂದು ಹೆಸರಿದೆ. ಹಿಂಡ್ರೆಲಾಕ್ ಉಳಿದಿದ್ದೂ ಹೀಗೇ ಅಲ್ವಾ, ಸರ್ಕಾರದ ಒಂದು ಲೆಕ್ಕಪುಸ್ತಕದಲ್ಲಿ.

ನಿಮ್ಮ ಮನೆಯ ಕ್ರಯಪತ್ರ ಬೀರುವಿನಲ್ಲಿದ್ದರೆ ಒಮ್ಮೆ ತೆಗೆದು ಚೆಕ್ಕುಬಂದಿ ಓದಿ. ಅಲ್ಲಿ ಸಿಕ್ಕ ಹೆಸರುಗಳನ್ನ ಆ ಊರಿನ ಹಳಬರು ಯಾರಾದರೂ ಇದ್ದರೆ ಕೇಳಿ. ಒಳ್ಳೇ ಹೆಸರು ಸಿಕ್ಕರೆ ನನಗೂ ಬರೆದು ತಿಳಿಸಿ.